ಮನೆಯ ಹೊರಗೆ ನಿಂತ ಟೆಲಿಫೋನು

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಸೀಮೆಯಲ್ಲಿ ತಿರುಗಾಡುವವರಿಗೆ ಹೊಲದ ಅಂಚಿನಲ್ಲೋ ಕೊಟ್ಟಿಗೆಯ ಹಿಂಬದಿಯಲ್ಲೋ ಪುಟ್ಟದೊಂದು ಮರದ ಗೂಡು ಕಣ್ಣಿಗೆ ಬೀಳುತ್ತದೆ. ಒಬ್ಬರು ನಿಲ್ಲುವಷ್ಟೇ ಅದರ ಅಗಲ. ಬಾಗಿಲು ತೆರೆದರೆ ಒಳಗೆ ಒಂದು ಟೆಲಿಫೋನು. ಸುತ್ತಲಿನ ನಾಲ್ಕಾರು ಮನೆಗಳಿಗೆ ಸೇರಿ ಅದೊಂದೇ. ಹಸುವಿಗೆ ಕಾಯಿಲೆಯಾಗಿ ವೈದ್ಯರನ್ನು ಕರೆಯಬೇಕಾದರೆ, ಮಾಲಿನ ಬೆಲೆ ವಿಚಾರಿಸಬೇಕಾದರೆ ಮನೆಯಿಂದ ನಡೆದು ಬಂದು, ಮಾತು ಮುಗಿಸಿ, ಬಾಗಿಲು ಎಳೆದುಕೊಂಡು ಹೋಗಬೇಕು. ಮನೆಯೊಳಗೆ ಫೋನು ಇಡುವಂತಿಲ್ಲ.

ಈ ಗೂಡುಗಳನ್ನು ಕಟ್ಟಿಕೊಂಡವರು ಆಮಿಶ್ ಎಂಬ ಕ್ರೈಸ್ತ ಪಂಗಡದವರು. ಮದುವೆಯಾದ ಗಂಡಸರಿಗೆ ಮೀಸೆಯಿಲ್ಲದ ಗಡ್ಡ, ತಲೆಯ ಮೇಲೆ ಅಗಲ ಅಂಚಿನ ಟೋಪಿ. ಹೆಂಗಸರಿಗೆ ಅಲಂಕಾರವಿಲ್ಲದ ಉದ್ದ ಉಡುಪು, ತಲೆಗೊಂದು ಕುಲಾವಿ. ಓಡಾಟಕ್ಕೆ ಕುದುರೆಗಾಡಿ. ಇವರನ್ನು ನೋಡಲು ಬರುವ ಪ್ರವಾಸಿಗರಿಗೆ ಏಳುವ ಪ್ರಶ್ನೆ ಸಹಜವಾದದ್ದೇ. ಟೆಲಿಫೋನು ಪಾಪವಾದರೆ ಹೊಲದಲ್ಲಿ ಏಕಿದೆ? ಪಾಪವಲ್ಲವಾದರೆ ಮನೆಯಲ್ಲಿ ಏಕಿಲ್ಲ? ಕಾರು ಕೊಳ್ಳಬಾರದು ಎನ್ನುವವರು ಬಾಡಿಗೆ ಕಾರಿನಲ್ಲಿ ಕೂತು ಆಸ್ಪತ್ರೆಗೆ ಹೋಗುವುದು ಬೂಟಾಟಿಕೆಯಲ್ಲವೇ?

ಬೂಟಾಟಿಕೆಯೆಂದು ತಳ್ಳಿಹಾಕುವ ಮುನ್ನ ಇದರ ಹಿಂದಿನ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕ್ರೈಸ್ತ ಧರ್ಮವನ್ನು ಹುಟ್ಟಿನಿಂದಲೂ ಕಾಡುತ್ತ ಬಂದಿರುವ ಒಂದು ಪ್ರಶ್ನೆಗೆ ಆ ಮರದ ಗೂಡು ಕೊಟ್ಟಿರುವ ಉತ್ತರ ಅಲ್ಲಿದೆ. ತಾನು ಬದುಕುತ್ತಿರುವ ಕಾಲದ ಸಮಾಜದೊಳಗೆ ನಂಬಿಕೆಯುಳ್ಳವನು ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದೇ ಆ ಪ್ರಶ್ನೆ.

ಹಳೆಯ ಪ್ರಶ್ನೆ, ಹಲವು ಉತ್ತರ

ಲೋಕದಲ್ಲಿ ಇರಬೇಕು, ಆದರೆ ಲೋಕದವರಾಗಿಬಿಡಬಾರದು ಎಂಬ ಅರ್ಥದ ಮಾತು ಯೇಸುವಿನ ಪ್ರಾರ್ಥನೆಯಾಗಿ ಯೋಹಾನನ ಸುವಾರ್ತೆಯಲ್ಲಿ ಬರುತ್ತದೆ. ಹೇಳಲು ಸುಲಭ, ನಡೆಸಲು ಕಷ್ಟ. ರೋಮ್ ಸಾಮ್ರಾಜ್ಯದ ಮೊದಲ ಕ್ರೈಸ್ತರಿಗೆ ಇದು ದಿನದಿನದ ಸಂಕಟವಾಗಿತ್ತು. ಸೈನ್ಯಕ್ಕೆ ಸೇರಬಹುದೇ? ಮನುಷ್ಯರು ಹೊಡೆದಾಡಿ ಸಾಯುವ ಆಟಗಳನ್ನು ನೋಡಲು ಹೋಗಬಹುದೇ? ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕಬಹುದೇ? ಕಾರ್ಥೇಜಿನ ಟೆರ್ಟುಲಿಯನ್ ಈ ಆಟಗಳ ವಿರುದ್ಧ ಒಂದು ಗ್ರಂಥವನ್ನೇ ಬರೆದ. ಗ್ರೀಕರ ತತ್ತ್ವಶಾಸ್ತ್ರದಿಂದ ನಮಗಾಗಬೇಕಾದ್ದೇನೂ ಇಲ್ಲ ಎಂಬುದು ಅವನ ನಿಲುವು. ಅವನ ಕಾಲದವನೇ ಆದ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಹೇಳಿದ್ದು ಇದಕ್ಕೆ ವಿರುದ್ಧವಾದ ಮಾತು. ಅದೇ ತತ್ತ್ವಶಾಸ್ತ್ರ ಗ್ರೀಕರನ್ನು ಕ್ರಿಸ್ತನ ಬಳಿಗೆ ಕರೆತರಲು ದೇವರೇ ಮಾಡಿದ ಸಿದ್ಧತೆ ಎಂದು ಅವನು ಬಗೆದ.

313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಪೂಜಾಸ್ವಾತಂತ್ರ್ಯ ಕೊಟ್ಟ. 380ರಲ್ಲಿ ಕ್ರೈಸ್ತ ಧರ್ಮ ರಾಜಧರ್ಮವೇ ಆಯಿತು. ಅಲ್ಲಿಯವರೆಗೆ ಸಮಾಜದ ಹೊರಗೆ ನಿಂತು ನೋಡುತ್ತಿದ್ದವರು ಈಗ ಸಮಾಜವನ್ನು ಆಳುವವರಾದರು. ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಅಮೆರಿಕದ ಧರ್ಮಶಾಸ್ತ್ರಜ್ಞ ರಿಚರ್ಡ್ ನೀಬೂರ್ 1951ರಲ್ಲಿ ಪ್ರಕಟಿಸಿದ ‘ಕ್ರೈಸ್ಟ್ ಅಂಡ್ ಕಲ್ಚರ್’ ಎಂಬ ಪುಸ್ತಕದಲ್ಲಿ ಈ ಉತ್ತರಗಳನ್ನೆಲ್ಲ ಐದು ಬಗೆಯಾಗಿ ವಿಂಗಡಿಸಿದ. ಸುತ್ತಲಿನ ಸಂಸ್ಕೃತಿಯನ್ನು ಎದುರಿಸಿ ದೂರ ನಿಲ್ಲುವವರು ಒಂದು ತುದಿ. ಅದರೊಂದಿಗೆ ಬೆರೆತುಹೋಗುವವರು ಇನ್ನೊಂದು ತುದಿ. ನಡುವೆ ಮೂರು ಬಗೆಯವರು. ಸಂಸ್ಕೃತಿ ಒಳ್ಳೆಯದೇ, ಆದರೆ ಅಪೂರ್ಣ, ಧರ್ಮ ಅದನ್ನು ಪೂರ್ಣಗೊಳಿಸುತ್ತದೆ ಎನ್ನುವವರು. ಎರಡು ಲೋಕಗಳಿಗೂ ಸಲ್ಲುತ್ತ ಅವುಗಳ ನಡುವಿನ ಜಗ್ಗಾಟವನ್ನು ಸಹಿಸಿಕೊಂಡೇ ಬಾಳಬೇಕು ಎನ್ನುವವರು. ಸಂಸ್ಕೃತಿಯೊಳಗೆ ಹೊಕ್ಕು ಅದನ್ನೇ ತಿದ್ದಬೇಕು ಎನ್ನುವವರು. ಪುಸ್ತಕದ ವಿಂಗಡಣೆಗೆ ಟೀಕೆಗಳೂ ಬಂದಿವೆ. ಆದರೂ ಈ ಚರ್ಚೆಗೆ ಇಳಿಯುವವರು ಇಂದಿಗೂ ಹೆಚ್ಚಾಗಿ ಆರಂಭಿಸುವುದು ಅಲ್ಲಿಂದಲೇ. ಅದರ ಮೊದಲ ಬಗೆಗೆ ನಮ್ಮ ಕಾಲದಲ್ಲಿ ಸಿಗುವ ಜೀವಂತ ಉದಾಹರಣೆ ಆಮಿಶರು.

ನೀರಿನಿಂದ ಆರಂಭ

ಇವರ ಕಥೆ ಶುರುವಾಗುವುದು 1525ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ಜೂರಿಚ್ ಪಟ್ಟಣದಲ್ಲಿ. ಅಲ್ಲಿ ಧರ್ಮಸುಧಾರಣೆ ನಡೆಸುತ್ತಿದ್ದವನು ಜ್ವಿಂಗ್ಲಿ. ಅವನ ಶಿಷ್ಯರಲ್ಲೇ ಕೆಲವರು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದು ಸರಿಯಲ್ಲ, ಬುದ್ಧಿ ಬಂದವರು ತಾವಾಗಿ ಒಪ್ಪಿ ಪಡೆದಾಗ ಮಾತ್ರ ಅದಕ್ಕೆ ಬೆಲೆ ಎಂದು ಹಟ ಹಿಡಿದರು; ಒಬ್ಬರಿಗೊಬ್ಬರು ಮತ್ತೆ ದೀಕ್ಷೆ ಕೊಟ್ಟುಕೊಂಡರು. ಇಂದು ಇದು ಶಾಸ್ತ್ರಜಿಜ್ಞಾಸೆಯಂತೆ ಕಂಡೀತು. ಆ ಕಾಲದಲ್ಲಿ ಅದು ರಾಜದ್ರೋಹಕ್ಕೆ ಸಮ. ಕೂಸಿನ ದೀಕ್ಷಾಸ್ನಾನವೆಂದರೆ ಮಗು ಊರಿಗೂ ಪ್ರಭುತ್ವಕ್ಕೂ ಸೇರಿತು ಎಂಬ ಗುರುತು. ಅದನ್ನು ಒಲ್ಲೆನೆನ್ನುವುದೆಂದರೆ ಧರ್ಮಸಭೆ ಬೇರೆ, ಸರ್ಕಾರ ಬೇರೆ ಎಂದಂತೆ. ಇವರು ಆಣೆಯಿಡಲೊಲ್ಲರು, ಕತ್ತಿ ಹಿಡಿಯಲೊಲ್ಲರು.

ಶಿಕ್ಷೆಯೂ ಹಾಗೆಯೇ ಬಂತು. 1527ರಲ್ಲಿ ಫೆಲಿಕ್ಸ್ ಮಾಂಜ್ ಎಂಬ ಮುಂದಾಳನ್ನು ಜೂರಿಚ್‌ನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಮುಂದಿನ ದಶಕಗಳಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಪ್ರಭುಗಳಿಬ್ಬರೂ ಇವರನ್ನು ಬೇಟೆಯಾಡಿದರು. ಹಾಲೆಂಡಿನ ಡಿರ್ಕ್ ವಿಲೆಮ್ಸ್‌ನ ಕಥೆಯನ್ನು ಆಮಿಶ್ ಮಕ್ಕಳು ಇಂದಿಗೂ ಕೇಳುತ್ತ ಬೆಳೆಯುತ್ತಾರೆ. ಅವನು ಸೆರೆಮನೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದ. ಬೆನ್ನಟ್ಟಿ ಬಂದ ಕಾವಲುಗಾರನ ಕಾಲಡಿಯಲ್ಲಿ ಮಂಜುಗಡ್ಡೆ ಒಡೆಯಿತು. ವಿಲೆಮ್ಸ್ ಹಿಂತಿರುಗಿ ಬಂದು ಅವನನ್ನು ಮೇಲಕ್ಕೆಳೆದ. ಪ್ರಾಣ ಉಳಿಸಿದ್ದಕ್ಕೆ ಸಿಕ್ಕಿದ್ದು ಮತ್ತೆ ಸೆರೆ. 1569ರಲ್ಲಿ ಅವನನ್ನು ಜೀವಂತ ಸುಟ್ಟರು.

1693ರ ಹೊತ್ತಿಗೆ ಈ ಪಂಥದೊಳಗೇ ಒಡಕು ಬಿತ್ತು. ಸಭೆಯ ಕಟ್ಟಳೆ ಮುರಿದವರೊಂದಿಗೆ ಊಟವನ್ನೂ ಮಾಡಕೂಡದೆಂಬ ಬಿಗಿ ನಿಲುವು ತಳೆದ ಯಾಕೋಬ್ ಅಮಾನ್‌ನ ಹಿಂದೆ ಹೋದವರು ಅವನ ಹೆಸರಿನಿಂದಲೇ ಆಮಿಶರಾದರು. ಹದಿನೆಂಟನೆಯ ಶತಮಾನದಲ್ಲಿ ಹಡಗು ಹತ್ತಿ ಅವರು ಪೆನ್ಸಿಲ್ವೇನಿಯಕ್ಕೆ ಬಂದರು. ಯೂರೋಪಿನಲ್ಲಿ ಉಳಿದವರು ಕಾಲಕ್ರಮೇಣ ಇತರ ಪಂಗಡಗಳಲ್ಲಿ ಕರಗಿಹೋದರು. ಇಂದು ಆಮಿಶರಿರುವುದು ಬಹುತೇಕ ಉತ್ತರ ಅಮೆರಿಕದಲ್ಲೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರ ಸಂಖ್ಯೆ ಐದಾರು ಸಾವಿರ. ಅಳಿದುಹೋಗುವ ಜನವೆಂದು ವಿದ್ವಾಂಸರು ಬಗೆದಿದ್ದರು. ಈಗ ಅವರು ಸುಮಾರು ನಾಲ್ಕು ಲಕ್ಷ. ಒಂದೊಂದು ಮನೆಯಲ್ಲಿ ಆರೇಳು ಮಕ್ಕಳು. ಬೆಳೆದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಸಭೆಯಲ್ಲೇ ಉಳಿಯುತ್ತಾರೆ.

ಯಂತ್ರಕ್ಕೆ ಕೇಳುವ ಪ್ರಶ್ನೆ

ಇವರಿಗೆ ಚರ್ಚಿನ ಕಟ್ಟಡವಿಲ್ಲ. ಇಪ್ಪತ್ತರಿಂದ ನಲವತ್ತು ಕುಟುಂಬಗಳು ಸೇರಿ ಒಂದು ಸಭೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಸರದಿಯಂತೆ ಒಬ್ಬರ ಮನೆಯಲ್ಲಿ ಆರಾಧನೆ. ಬಿಷಪರೂ ಬೋಧಕರೂ ಸಂಬಳವಿಲ್ಲದವರು. ಚೀಟಿ ಎತ್ತಿ ಆರಿಸಿದ ರೈತರು, ಬಡಗಿಗಳು. ಪ್ರತಿಯೊಂದು ಸಭೆಗೂ ‘ಓರ್ಡ್‌ನುಂಗ್’ ಎಂಬ ಕಟ್ಟುಕಟ್ಟಳೆ ಇದೆ. ಅದು ಹೆಚ್ಚಾಗಿ ಬಾಯಿಮಾತಿನಲ್ಲೇ ಇರುವುದು. ಟೋಪಿಯ ಅಂಚಿನ ಅಗಲದಿಂದ ಹಿಡಿದು ಯಾವ ಯಂತ್ರ ಸಲ್ಲುತ್ತದೆ ಎಂಬುದರವರೆಗೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತದೆ. ವರ್ಷಕ್ಕೆರಡು ಬಾರಿ ಪ್ರಭುಭೋಜನದ ಸಂಸ್ಕಾರಕ್ಕೆ ಮುನ್ನ ಸಭೆಯವರೆಲ್ಲ ಅದಕ್ಕೆ ಒಪ್ಪಿಗೆ ಸೂಚಿಸಬೇಕು. ಒಪ್ಪಿಗೆ ಮೂಡದಿದ್ದರೆ ಸಂಸ್ಕಾರವೇ ಮುಂದಕ್ಕೆ ಹೋಗುವುದುಂಟು.

ಯಂತ್ರವೇ ಕೆಟ್ಟದ್ದೆಂದು ಆಮಿಶರು ಹೇಳುವುದಿಲ್ಲ. ಅವರು ಕೇಳುವುದು ಇಷ್ಟನ್ನೇ: ಇದು ಮನೆಯೊಳಗೆ ಬಂದರೆ ನಮ್ಮ ನಮ್ಮ ನಡುವೆ ಏನಾಗುತ್ತದೆ? 1910ರ ಸುಮಾರಿಗೆ ಲ್ಯಾಂಕಾಸ್ಟರಿನ ಕೆಲವು ಆಮಿಶ್ ಮನೆಗಳಿಗೆ ಟೆಲಿಫೋನು ಬಂದಿತ್ತು. ಆಗೆಲ್ಲ ಒಂದೇ ತಂತಿಗೆ ಹಲವು ಮನೆಗಳು; ಒಬ್ಬರ ಮಾತನ್ನು ಇನ್ನೊಬ್ಬರು ಕದ್ದು ಕೇಳಬಹುದಾಗಿತ್ತು. ಹಾಗೆ ಕೇಳಿದ ಚಾಡಿಮಾತಿನಿಂದ ಜಗಳ ಹತ್ತಿಕೊಂಡಿತೆಂದು ಅವರ ಹಿರಿಯರು ಹೇಳುವುದುಂಟು. ಎದುರುಬದುರು ಕೂತು ಆಡಬೇಕಾದ ಮಾತು ತಂತಿಯ ಪಾಲಾದರೆ ನೆರೆಹೊರೆ ಉಳಿಯದು ಎಂದು ಸಭೆ ತೀರ್ಮಾನಿಸಿತು. ಆದರೆ ಬೆಂಕಿ ಬಿದ್ದರೆ, ವೈದ್ಯರು ಬೇಕಾದರೆ? ಮುಂದೆ 1930ರ ದಶಕದಿಂದ ಹೊರಗಡೆಯ ಗೂಡುಗಳು ಕಾಣಿಸಿಕೊಂಡವು. ಟೆಲಿಫೋನಿನ ಉಪಯೋಗ ಬೇಕು, ಅದರ ಯಜಮಾನಿಕೆ ಬೇಡ ಎಂಬುದು ಇದರ ತಾತ್ಪರ್ಯ.

ವಿದ್ಯುತ್ತಿನ ವಿಷಯವೂ ಹೀಗೆಯೇ. 1920ರ ಸುಮಾರಿಗೆ ಕಂಪೆನಿಯ ತಂತಿಯನ್ನು ಮನೆಗೆ ಎಳೆಸಬಾರದೆಂದು ಗೊತ್ತುಮಾಡಿದರು. ಆದರೆ ಬ್ಯಾಟರಿಗೆ ಅಡ್ಡಿಯಿಲ್ಲ. ತಂತಿ ಬಂದರೆ ಅದರ ಹಿಂದೆ ರೇಡಿಯೋ, ಆಮೇಲೆ ಇನ್ನೇನೋ ಬರುತ್ತದೆ. ಬ್ಯಾಟರಿಯಾದರೆ ಎಲ್ಲಿ ನಿಲ್ಲಿಸಬೇಕೆಂಬುದು ನಮ್ಮ ಕೈಯಲ್ಲಿ. ಅನೇಕ ಆಮಿಶ್ ಬಡಗಿಗಳ ಕಾರ್ಖಾನೆಗಳಲ್ಲಿ ಇಂದು ಡೀಸೆಲ್ ಎಂಜಿನ್ ಓಡುತ್ತದೆ, ಅದು ಒತ್ತಿದ ಗಾಳಿಯಿಂದ ಗರಗಸ, ತಿರುಗುಯಂತ್ರ ಎಲ್ಲ ನಡೆಯುತ್ತವೆ. ಹಾಲಿನ ಕಂಪೆನಿಗಳು ದೊಡ್ಡ ತಂಪುತೊಟ್ಟಿಗಳಲ್ಲೇ ಹಾಲು ಇಡಬೇಕೆಂದು ಪಟ್ಟುಹಿಡಿದಾಗ ಲ್ಯಾಂಕಾಸ್ಟರಿನವರು ಡೀಸೆಲ್ಲಿನಿಂದ ತಂಪು ಮಾಡುವ ತೊಟ್ಟಿಗೆ ಒಪ್ಪಿದರು. ಭಾನುವಾರ ಮಾತ್ರ ಹಾಲು ಕೊಡಲೊಪ್ಪಲಿಲ್ಲ. ಕಾರಿನ ಮಾಲೀಕತ್ವ ಬೇಡ, ಏಕೆಂದರೆ ಕಾರು ಇದ್ದವನು ದೂರದ ಪೇಟೆಗೆ, ದೂರದ ಗೆಳೆಯರಿಗೆ ಹತ್ತಿರವಾಗಿ ಪಕ್ಕದ ಮನೆಯವನಿಗೆ ದೂರವಾಗುತ್ತಾನೆ. ಕುದುರೆ ಒಂದು ದಿನದಲ್ಲಿ ಓಡುವಷ್ಟೇ ದೂರ ಸಂಸಾರ ಹರಡಿಕೊಂಡಿರಲಿ ಎಂಬ ಆಸೆ. ತುರ್ತಿಗೆ ಬಾಡಿಗೆ ಕಾರು ಸಾಕು.

ಎಲ್ಲ ಸಭೆಗಳ ತೀರ್ಮಾನ ಒಂದೇ ತೆರನಲ್ಲ. ಒಂದೆಡೆ ಸೌರಫಲಕಕ್ಕೆ ಒಪ್ಪಿಗೆ, ಇನ್ನೊಂದೆಡೆ ಸೀಮೆಎಣ್ಣೆ ದೀಪವೇ ಗತಿ. ಓಹಾಯೋ ರಾಜ್ಯದ ಕೆಲವೆಡೆ ಬ್ಯಾಟರಿ ಸೈಕಲ್ಲುಗಳು ಬಂದಿವೆ. ಇಂದಿನ ದೊಡ್ಡ ಕಗ್ಗಂಟು ಮೊಬೈಲು. ಗೂಡಿನೊಳಗಿನ ಫೋನನ್ನು ಮನೆಯ ಹೊರಗೆ ನಿಲ್ಲಿಸಬಹುದಿತ್ತು. ಜೇಬಿನೊಳಗಿನ ಫೋನನ್ನು ಎಲ್ಲಿ ನಿಲ್ಲಿಸುವುದು? ಭೂಮಿಯ ಬೆಲೆ ಏರಿ ಬೇಸಾಯ ಬಿಟ್ಟು ಕಟ್ಟಡದ ಕೆಲಸಕ್ಕೋ ವ್ಯಾಪಾರಕ್ಕೋ ಇಳಿದವರು ಅದು ಇಲ್ಲದೆ ಗಿರಾಕಿ ಸಿಗುವುದಿಲ್ಲ ಎನ್ನುತ್ತಾರೆ. ಸಭೆಗಳು ಇನ್ನೂ ತೂಗಿನೋಡುತ್ತಿವೆ.

ಶಾಲೆಯ ಜಗಳ

ಆಧುನಿಕ ಸರ್ಕಾರ ಇಂಥ ಜನರನ್ನು ಸುಮ್ಮನೆ ಬಿಡುವುದಿಲ್ಲ. 1961ರಲ್ಲಿ ಸಾಮಾಜಿಕ ಭದ್ರತೆಯ ತೆರಿಗೆ ಕಟ್ಟಲೊಪ್ಪದ ಒಬ್ಬ ಆಮಿಶ್ ರೈತನ ಉಳುವ ಕುದುರೆಗಳನ್ನು ತೆರಿಗೆ ಅಧಿಕಾರಿಗಳು ಜಪ್ತಿಮಾಡಿದರು. ಮುದುಕರನ್ನೂ ರೋಗಿಗಳನ್ನೂ ನೋಡಿಕೊಳ್ಳುವುದು ಮನೆಯ, ಸಭೆಯ ಕರ್ತವ್ಯ, ಅದನ್ನು ಸರ್ಕಾರಕ್ಕೆ ಒಪ್ಪಿಸಲಾರೆವು ಎಂಬುದು ಅವರ ವಾದ. 1965ರಲ್ಲಿ ಸಂಸತ್ತು ಅವರಿಗೆ ವಿನಾಯಿತಿ ನೀಡಿತು. ತೆರಿಗೆಯೂ ಇಲ್ಲ, ಪಿಂಚಣಿಯೂ ಇಲ್ಲ. ಅದೇ ವರ್ಷ ನವೆಂಬರಿನಲ್ಲಿ ಅಯೋವ ರಾಜ್ಯದಲ್ಲಿ ಆಮಿಶ್ ಮಕ್ಕಳನ್ನು ಬಸ್ಸಿನಲ್ಲಿ ಸರ್ಕಾರಿ ಶಾಲೆಗೆ ಒಯ್ಯಲು ಅಧಿಕಾರಿಗಳು ಬಂದಾಗ ಮಕ್ಕಳು ಜೋಳದ ಹೊಲದತ್ತ ಓಡಿಹೋದರು. ಆ ಛಾಯಾಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗಿ ದೇಶದ ಅನುಕಂಪ ಆಮಿಶರ ಕಡೆಗೆ ವಾಲಿತು.

ಆಮಿಶ್ ಮಕ್ಕಳ ಓದು ಎಂಟನೆಯ ತರಗತಿಗೆ ಮುಗಿಯುತ್ತದೆ. ವಿಸ್ಕಾನ್ಸಿನ್ ರಾಜ್ಯದ ಆಗಿನ ಕಾನೂನಿನಂತೆ ಹದಿನಾರು ವರ್ಷದವರೆಗೆ ಶಾಲೆ ಕಡ್ಡಾಯವಾಗಿತ್ತು. ಮಕ್ಕಳನ್ನು ಪ್ರೌಢಶಾಲೆಗೆ ಕಳಿಸಲೊಪ್ಪದ ಮೂವರು ತಂದೆಯರಿಗೆ ತಲಾ ಐದು ಡಾಲರ್ ದಂಡ ಬಿತ್ತು. ಐದು ಡಾಲರಿನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1972ರ ಮೇ ತಿಂಗಳಲ್ಲಿ ತೀರ್ಪು ಆಮಿಶರ ಪರವಾಗಿ ಬಂತು. ನೂರಾರು ವರ್ಷಗಳಿಂದ ನಡೆದುಬಂದ ಧರ್ಮಜೀವನವನ್ನು ಎರಡು ವರ್ಷದ ಪ್ರೌಢಶಾಲೆಗಾಗಿ ಅಪಾಯಕ್ಕೆ ಒಡ್ಡಲಾಗದು ಎಂಬುದು ಅದರ ಸಾರ. ಆದರೆ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ತಮ್ಮ ಭಾಗಶಃ ಭಿನ್ನಮತದಲ್ಲಿ ಒಂದು ಪ್ರಶ್ನೆ ಎತ್ತಿದರು: ತಂದೆಯ ಧರ್ಮದ ಹಕ್ಕನ್ನು ಎತ್ತಿಹಿಡಿದದ್ದಾಯಿತು, ಮಕ್ಕಳನ್ನು ಯಾರು ಕೇಳಿದರು? ಪಿಯಾನೋ ವಾದಕನೋ ಗಗನಯಾತ್ರಿಯೋ ಆಗಬೇಕೆಂಬ ಆಸೆ ಆ ಮಗುವಿಗೆ ಇದ್ದರೆ? ಅರ್ಧ ಶತಮಾನ ಕಳೆದರೂ ಈ ಪ್ರಶ್ನೆಯ ಮೊನೆ ಮೊಂಡಾಗಿಲ್ಲ.

ಕ್ಷಮೆಯೂ ಮೌನವೂ

2006ರ ಅಕ್ಟೋಬರ್ 2ರಂದು ಲ್ಯಾಂಕಾಸ್ಟರಿನ ನಿಕಲ್ ಮೈನ್ಸ್ ಎಂಬ ಹಳ್ಳಿಯ ಒಂದೇ ಕೋಣೆಯ ಆಮಿಶ್ ಶಾಲೆಗೆ ಬಂದೂಕುಧಾರಿಯೊಬ್ಬ ನುಗ್ಗಿದ. ಆಸುಪಾಸಿನಲ್ಲೇ ವಾಸವಾಗಿದ್ದವನು, ಆಮಿಶನಲ್ಲ. ಹತ್ತು ಹೆಣ್ಣುಮಕ್ಕಳಿಗೆ ಗುಂಡು ಹಾರಿಸಿ ತಾನೂ ಸತ್ತ. ಐವರು ಬಾಲಕಿಯರು ತೀರಿಕೊಂಡರು. ಅಂದು ಸಂಜೆಯೊಳಗೇ ಕೆಲವು ಆಮಿಶರು ಕೊಲೆಗಾರನ ಹೆಂಡತಿ ಮತ್ತು ತಂದೆತಾಯಿಯ ಬಳಿಗೆ ಹೋಗಿ ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ ಎಂದರು. ಅವನನ್ನು ಮಣ್ಣುಮಾಡುವಾಗ ಬಂದವರಲ್ಲಿ ಆಮಿಶರೇ ಹೆಚ್ಚು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳೂ ಅವರಲ್ಲಿದ್ದರು. ಜಗತ್ತು ಬೆರಗಾಯಿತು. ಡಿರ್ಕ್ ವಿಲೆಮ್ಸ್‌ನ ಕಥೆ ಕೇಳುತ್ತ ಬೆಳೆದವರಿಗೆ ಅದು ಹೊಸ ದಾರಿಯಾಗಿರಲಿಲ್ಲ. ನಾನೂರು ವರ್ಷ ಲೋಕದಿಂದ ದೂರ ನಿಂತು ಕಾಪಾಡಿಕೊಂಡದ್ದು ಏನನ್ನು ಎಂದು ಕೇಳಿದರೆ ತೋರಿಸಬಹುದಾದ ವಸ್ತು ಇದು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಬೇಗ ಕ್ಷಮಿಸಬೇಕು, ಮನೆಯ ಮಾತನ್ನು ಹೊರಗಿನ ನ್ಯಾಯಾಲಯಕ್ಕೆ ಒಯ್ಯಬಾರದು ಎಂಬ ಅದೇ ಕಟ್ಟಳೆ ದುರ್ಬಲರ ಬಾಯಿ ಕಟ್ಟುವುದೂ ಉಂಟು. ಮನೆಯೊಳಗೇ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದ ಹೆಣ್ಣುಮಕ್ಕಳು ಇತ್ತೀಚಿನ ವರ್ಷಗಳಲ್ಲಿ ತಮ್ಮ ಅನುಭವ ಹೇಳಿಕೊಂಡಿದ್ದಾರೆ. ತಪ್ಪು ಮಾಡಿದವನು ಸಭೆಯ ಮುಂದೆ ಮಂಡಿಯೂರಿ ಒಪ್ಪಿಕೊಂಡರೆ, ಕೆಲವು ವಾರಗಳ ಬಹಿಷ್ಕಾರದ ನಂತರ ಎಲ್ಲ ಮರೆತಂತೆ. ಮರೆಯಲಾರದವಳೇ ತಪ್ಪಿತಸ್ಥೆಯಾಗಿ ನಿಲ್ಲುತ್ತಾಳೆ. ದೀಕ್ಷೆ ಪಡೆದ ಮೇಲೆ ಸಭೆ ಬಿಟ್ಟುಹೋದವರಿಗೆ ತಂದೆತಾಯಿಯ ಮೇಜಿನಲ್ಲಿ ಊಟಕ್ಕೂ ಜಾಗವಿರುವುದಿಲ್ಲ. ಎಂಟನೆಯ ತರಗತಿ ಓದಿದವನು ಹೊರಗೆ ಬಂದು ಕಟ್ಟಿಕೊಳ್ಳುವ ಬದುಕೂ ಸುಲಭದ್ದಲ್ಲ.

ಇನ್ನೊಂದು ತುದಿಯ ಅಪಾಯ

ಹಾಗಾದರೆ ಸಮಾಜದೊಂದಿಗೆ ಬೆರೆತು ನಡೆಯುವುದೇ ಕ್ಷೇಮವೇ? ಇದಕ್ಕೆ ಉತ್ತರವಾಗಿ ಜರ್ಮನಿಯ ಕಥೆಯಿದೆ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚುಗಳ ಚುನಾವಣೆಯಲ್ಲಿ ‘ಜರ್ಮನ್ ಕ್ರೈಸ್ತರು’ ಎಂದು ಕರೆದುಕೊಂಡ ಬಣ ಗೆದ್ದಿತು. ಯೆಹೂದಿ ಮೂಲದ ಪಾದ್ರಿಗಳನ್ನು ತೆಗೆದುಹಾಕಬೇಕು, ಜನಾಂಗಕ್ಕೂ ರಾಷ್ಟ್ರಕ್ಕೂ ಒಪ್ಪುವ ಕ್ರೈಸ್ತಮತ ಬೇಕು ಎಂಬುದು ಅವರ ಬೇಡಿಕೆ. ಅವರು ಧರ್ಮ ಬಿಟ್ಟವರೇನಲ್ಲ, ಕಾಲದೊಂದಿಗೆ ಹೆಜ್ಜೆಹಾಕಬೇಕೆಂದವರು. ಇದನ್ನು ವಿರೋಧಿಸಿದವರು 1934ರ ಮೇ ಕೊನೆಯಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಸೇರಿ ಒಂದು ಘೋಷಣೆ ಹೊರಡಿಸಿದರು. ಧರ್ಮಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅದರ ಮುಖ್ಯ ಕರ್ತೃ. ಚರ್ಚು ಯಾವ ನಾಯಕನಿಗೂ ಯಾವ ಪ್ರಭುತ್ವಕ್ಕೂ ತನ್ನನ್ನು ಒಪ್ಪಿಸಿಕೊಳ್ಳಲಾರದು ಎಂಬುದು ಅದರ ತಿರುಳು. ಆ ಘೋಷಣೆಯಲ್ಲಿಯೂ ಯೆಹೂದಿಗಳ ಹಿಂಸೆಯ ಬಗ್ಗೆ ಒಂದು ಮಾತಿಲ್ಲ. ಹತ್ತಿರ ನಿಂತವರಿಗೆ ಇಲ್ಲವೆನ್ನಲು ಎಷ್ಟು ಕಷ್ಟ ಎಂಬುದಕ್ಕೆ ಇದೇ ಸಾಕ್ಷಿ.

ಒಳಗೆ ನಿಂತೂ ಇಲ್ಲವೆಂದವರಿದ್ದಾರೆ. 1955ರ ಡಿಸೆಂಬರಿನಲ್ಲಿ ಅಲಬಾಮ ರಾಜ್ಯದ ಮಾಂಟ್ಗಾಮೆರಿ ನಗರದ ಕರಿಯರು ಬಸ್ಸು ಹತ್ತುವುದನ್ನು ನಿಲ್ಲಿಸಿದಾಗ ಮುಂದೆ ನಿಂತವನು ಇಪ್ಪತ್ತಾರು ವರ್ಷದ ಬ್ಯಾಪ್ಟಿಸ್ಟ್ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್. ಸಭೆಗಳು ಸೇರಿದ್ದು ಚರ್ಚುಗಳಲ್ಲಿ. ಹೋರಾಟ ಒಂದು ವರ್ಷ ದಾಟಿ ನಡೆದು, ನಗರದ ಬಸ್ಸುಗಳಲ್ಲಿ ಬಣ್ಣದ ಭೇದ ಕಾನೂನಿನಿಂದಲೇ ಅಳಿಯಿತು. ಆಮಿಶರಂತೆ ಕಿಂಗ್ ಕೂಡ ಹಿಂಸೆಯನ್ನು ಒಲ್ಲದವನು. ಗಾಂಧೀಜಿಯಿಂದ ದಾರಿ ಕಲಿತವನು. ಆದರೆ ಅವನಿಗೆ ಬೇಕಾದದ್ದು ಪ್ರತ್ಯೇಕ ಊರಲ್ಲ, ನ್ಯಾಯವುಳ್ಳ ಊರು. ನೆರೆ ಬಂದಲ್ಲಿ, ಬಿರುಗಾಳಿ ಬೀಸಿದಲ್ಲಿ ಮನೆ ಕಟ್ಟಿಕೊಡಲು ಆಮಿಶರು ಹೋಗುತ್ತಾರೆ. ಕೆಟ್ಟ ಕಾನೂನನ್ನು ಬದಲಾಯಿಸುವ ಹೋರಾಟಕ್ಕೆ ಅವರು ಇಳಿಯುವವರಲ್ಲ. ಅವರ ದಾರಿ ಅವರ ಮನೆಯನ್ನು ಉಳಿಸುತ್ತದೆ. ಬೇರೆಯವರ ಮನೆಗೆ ಬಿದ್ದ ಬೆಂಕಿಯ ಕಾರಣವನ್ನು ಕೇಳುವುದಿಲ್ಲ.

ಕ್ಯಾಥೊಲಿಕ್ ಚರ್ಚು ಕೂಡ ಎರಡನೆಯ ವ್ಯಾಟಿಕನ್ ಸಮ್ಮೇಳನದಲ್ಲಿ, 1965ರ ಡಿಸೆಂಬರಿನಲ್ಲಿ, ಆಧುನಿಕ ಜಗತ್ತಿನೊಂದಿಗೆ ಸಂವಾದಕ್ಕೆ ತೆರೆದುಕೊಳ್ಳುವ ದೀರ್ಘ ದಸ್ತಾವೇಜನ್ನು ಅಂಗೀಕರಿಸಿತು. ಬಾಗಿಲು ಎಷ್ಟು ತೆರೆಯಬೇಕಾಗಿತ್ತು ಎಂಬ ವಾಗ್ವಾದ ಆ ಚರ್ಚಿನೊಳಗೆ ಇನ್ನೂ ನಿಂತಿಲ್ಲ.

ಗೂಡು ಕಲಿಸುವ ಪಾಠ

ಇಷ್ಟನ್ನೆಲ್ಲ ನೋಡಿದ ಮೇಲೆ ಒಂದು ಮಾತು ಹೇಳಬಹುದು. ಕ್ರೈಸ್ತನಾದವನು ಆಧುನಿಕ ಸಮಾಜದಿಂದ ಎಷ್ಟು ಅಡಿ ದೂರ ನಿಲ್ಲಬೇಕು ಎಂದು ಅಳತೆಗೋಲು ಹಿಡಿದು ಹೇಳುವುದು ಸಾಧ್ಯವಿಲ್ಲ. ದೂರ ನಿಂತವರು ಕ್ಷಮೆಯನ್ನು ಉಳಿಸಿಕೊಂಡರು, ತಮ್ಮೊಳಗಿನ ಅಳುವನ್ನು ಕೇಳದೆಹೋದರು. ಹತ್ತಿರ ನಿಂತವರಲ್ಲಿ ಕೆಲವರು ಕಾನೂನನ್ನು ತಿದ್ದಿದರು, ಕೆಲವರು ಸರ್ವಾಧಿಕಾರಿಗೆ ಕೈಮುಗಿದರು. ನಿಂತ ಜಾಗಕ್ಕಿಂತ ಹೆಚ್ಚು ಮುಖ್ಯವಾದದ್ದು, ಅಲ್ಲಿ ನಿಂತು ಬೇಡವೆನ್ನುವ ಶಕ್ತಿ ಉಳಿದಿದೆಯೇ, ಆ ಬೇಡದ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದು. ಲಿಮ್ಮಾಟ್ ನದಿಯಲ್ಲಿ ಮುಳುಗಿದವನು ಬೆಲೆಯನ್ನು ತಾನೇ ತೆತ್ತ. ಶಾಲೆ ಬಿಡಿಸಿದ ಮಗುವಿನ, ಮಾತಾಡಬೇಡವೆಂದು ತಡೆದ ಹುಡುಗಿಯ ವಿಷಯದಲ್ಲಿ ಹಾಗೆನ್ನಲಾಗುವುದಿಲ್ಲ.

ಆಮಿಶರಂತೆ ಬದುಕಬೇಕೆಂದು ಬಯಸುವ ಕ್ರೈಸ್ತರು ಬಹಳ ಮಂದಿ ಇರಲಾರರು. ಆದರೆ ಅವರು ಮಾಡುವ ಒಂದು ಕೆಲಸವನ್ನು ನಮ್ಮಲ್ಲಿ ಯಾವ ಧರ್ಮದವರೂ ಮಾಡುತ್ತಿಲ್ಲ. ಹೊಸದೊಂದು ವಸ್ತು ಬಾಗಿಲಿಗೆ ಬಂದಾಗ ಅವರು ಕೂತು, ಒಟ್ಟಾಗಿ, ತಡಮಾಡಿ ಯೋಚಿಸುತ್ತಾರೆ. ನಾವು ಮೊದಲು ಒಳಗೆ ಕರೆದು, ಮನೆಮಂದಿಯೆಲ್ಲ ಒಂದೊಂದು ಮೂಲೆಯಲ್ಲಿ ತಲೆತಗ್ಗಿಸಿ ಕೂತ ಮೇಲೆ ಇದು ಯಾವಾಗ ಹೀಗಾಯಿತು ಎಂದು ಕೇಳುತ್ತೇವೆ. ಹೊಲದಂಚಿನ ಆ ಮರದ ಗೂಡಿನಲ್ಲಿ ಫೋನು ಬಾರಿಸುತ್ತಿರಬಹುದು. ಓಡಿಹೋಗಿ ಎತ್ತುವವರು ಅಲ್ಲಿ ಯಾರೂ ಇಲ್ಲ. ಊಟ ಮುಗಿಸಿ ನಿಧಾನವಾಗಿ ಹೋದರಾಯಿತು.